ಬೇರೆಯವರ ಅಲೆಗೆ ಕನ್ನಡಿ ಹಿಡಿದವರು

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಮುಂದೆ ಅದರ ಮಧ್ಯಮ ತರಂಗದ ಪ್ರೇಷಕ 765 ಕಿಲೋಹರ್ಟ್ಸ್‌ನಲ್ಲಿ 200 ಕಿಲೋವಾಟ್‌ವರೆಗೆ ಬೆಳೆಯಿತು. ಅಲ್ಲಿಂದ ಕೃಷ್ಣೆಯ ದಂಡೆಯ ಹಿಪ್ಪರಗಿಗೆ ನಕಾಶೆಯ ಮೇಲೆ ನೆಟ್ಟಗೆ ಗೆರೆ ಎಳೆದರೆ ಸುಮಾರು 120 ಕಿಲೋಮೀಟರ್ ಆಗುತ್ತದೆ. ಎರಡು ಲಕ್ಷ ವಾಟ್ ಶಕ್ತಿ ಅರ್ಧಗೋಳದ ತುಂಬ ಸಮನಾಗಿ ಹರಡುತ್ತ ಬರುತ್ತದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಹಿಪ್ಪರಗಿ ಬ್ಯಾರೇಜಿನ ಪಕ್ಕದ ಕಬ್ಬಿನ ಹೊಲದಲ್ಲಿ ಒಂದು ಚದರ ಮೀಟರಿಗೆ ದಕ್ಕುವುದು ಎರಡು ಮೈಕ್ರೋವಾಟ್‌ಗಿಂತ ತುಸು ಹೆಚ್ಚು, ಅಂದರೆ ವಾಟ್‌ನ ಹತ್ತು ಲಕ್ಷದ ಎರಡು ಪಾಲು. ದಾರಿಯಲ್ಲಿ ನೆಲ ಹೀರಿಕೊಂಡದ್ದನ್ನು ಕಳೆದರೆ ಅಷ್ಟೂ ಉಳಿಯುವುದಿಲ್ಲ. ಅದೇ ಹೊಲದ ಮೇಲೆ ಮಟಮಟ ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸಾವಿರ ವಾಟ್ ಸುರಿಯುತ್ತಿರುತ್ತದೆ. ಹತ್ತಿರಹತ್ತಿರ ಐವತ್ತು ಕೋಟಿ ಪಟ್ಟು ವ್ಯತ್ಯಾಸ.

ಇಷ್ಟು ದರಿದ್ರ ಶಕ್ತಿಯನ್ನು ಯಾರಾದರೂ ಯಾಕೆ ಬೆನ್ನು ಹತ್ತಬೇಕು? ಆದರೂ ನೂರು ವರ್ಷಕ್ಕೂ ಮೇಲ್ಪಟ್ಟು ಹತ್ತಿದ್ದಾರೆ. ಸೆಲ್ಲು ಇಲ್ಲದೆ, ತಂತಿ ಇಲ್ಲದೆ ತಾನೇ ಮಾತಾಡುವ ಯಂತ್ರ ಸಾಧ್ಯವಾಯಿತು. ಆದರೆ ಅದು ಸಾಧ್ಯವಾದ ದಾರಿ ಮೊದಲಿನವರು ಹುಡುಕಿದ ದಾರಿ ಆಗಿರಲಿಲ್ಲ.

ಮೊದಲು ಕೇಳುವುದರ ಕತೆ, ಯಾಕೆಂದರೆ ಅದು ಸುಲಭ. ಕಲ್ಕತ್ತೆಯ ಜಗದೀಶಚಂದ್ರ ಬೋಸರು ಗೆಲೀನಾ ಎಂಬ ಸೀಸದ ಅದಿರಿನ ಹರಳಿಗೆ ಲೋಹದ ಮೊನೆ ತಾಗಿಸಿ ರೇಡಿಯೋ ಅಲೆಯನ್ನು ಪತ್ತೆ ಹಚ್ಚಿದರು. 1901ರಲ್ಲಿ ಅಮೆರಿಕದಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1904ರ ಮಾರ್ಚ್ 29ರಂದು ಅದು ಮಂಜೂರಾಯಿತು. ಪೇಟೆಂಟು, ಹಣ ಎಂದರೆ ಬೋಸರಿಗೆ ಅಷ್ಟಕ್ಕಷ್ಟೇ. ಆ ಕಾಗದ ಅವರಿಗೆ ದುಡ್ಡು ತರಲಿಲ್ಲ. ಹರಳು ಮಾತ್ರ ಜಗತ್ತು ಸುತ್ತಿತು. ಮುಂದಿನ ಎರಡು ದಶಕಗಳಲ್ಲಿ ಉದ್ದನೆಯ ತಂತಿ, ತಾಮ್ರದ ಸುರುಳಿ, ಒಂದು ಹರಳು ಮತ್ತು ಕಿವಿಗೆ ಹಚ್ಚುವ ಹೆಡ್‌ಫೋನು, ಇಷ್ಟರಲ್ಲೇ ಮನೆ ಮನೆಯಲ್ಲಿ ಕ್ರಿಸ್ಟಲ್ ರೇಡಿಯೋ ತಯಾರಾಯಿತು. ಅದಕ್ಕೆ ಕರೆಂಟು ಬೇಡ, ಸೆಲ್ಲು ಬೇಡ. ಹಾಡನ್ನು ಹೊತ್ತು ತಂದ ಅಲೆಯೇ ಕಿವಿಯ ಹತ್ತಿರದ ತಗಡನ್ನು ಅಲುಗಿಸುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಕಂದಕದಲ್ಲಿದ್ದ ಸೈನಿಕರು ಹರಳು ಸಿಗದೆ ಹಳೆಯ ಬ್ಲೇಡು, ಪೆನ್ಸಿಲ್ಲಿನ ಸೀಸದಿಂದಲೇ ಆ ಕೆಲಸ ಮಾಡಿಕೊಂಡರು.

ಕನ್ನಡ ನಾಡಿನ ಗಾಳಿಗೆ ಈ ಅಲೆ ಸೇರಿದ್ದೂ ಸಣ್ಣ ಪ್ರಮಾಣದಲ್ಲೇ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದಾಗ ಅವರ ಪ್ರೇಷಕದ ಶಕ್ತಿ 30 ವಾಟ್. ಇಂದಿನ ಒಂದು ಟ್ಯೂಬ್‌ಲೈಟಿನಷ್ಟು.

ಕೇಳುವುದು ಹೀಗೆ ಪುಕ್ಕಟೆ ಸಾಧ್ಯವಾಯಿತು. ಮಾತಾಡುವುದು ದುಬಾರಿ. ಯಾಕೆಂದರೆ ರೇಡಿಯೋದಲ್ಲಿ ಮಾತಾಡಬೇಕೆಂದರೆ ಮೊದಲು ಸೆಕೆಂಡಿಗೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ಸಲ ಆಂದೋಲಿಸುವ ಅಲೆಯೊಂದನ್ನು ನಾವೇ ಹುಟ್ಟಿಸಬೇಕು. ಅದನ್ನು ಉಬ್ಬಿಸಿ ಆಂಟೆನಾಕ್ಕೆ ತುಂಬಬೇಕು, ನಾಲ್ಕೂ ದಿಕ್ಕಿಗೆ ಚೆಲ್ಲಬೇಕು. ಚೆಲ್ಲಿದ್ದರಲ್ಲಿ ಕೇಳುವವನಿಗೆ ತಲುಪುವುದು ಎಳ್ಳಿನಷ್ಟೂ ಅಲ್ಲ. ಈ ದುಂದು ಎಷ್ಟೆಂಬುದನ್ನು ಕರ್ನಾಟಕದ ಒಂದು ಹಳ್ಳಿಯ ನೆಲದಲ್ಲೇ ನೋಡಬಹುದಿತ್ತು.

2004ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್‌ಲೆಂಡಿನ ಲೋಸಾನ್‌ನ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರಕ್ಕೆ ಹೋದವು. ಮಳೆಯನ್ನೇ ನಂಬಿ ಶೇಂಗಾ ಬೆಳೆಯುವ ಬರದ ಸೀಮೆ ಅದು. ಮಣ್ಣಿನ ತೇವವನ್ನು ಅಳೆದು ನಿಸ್ತಂತುವಾಗಿ ಕಳಿಸುವ ಪುಟ್ಟ ಪೆಟ್ಟಿಗೆಗಳ ಜಾಲವನ್ನು ಅಲ್ಲಿ ಹಾಕುವುದು ಯೋಜನೆ. ಹೆಸರು 'ಕಾಮನ್‌ಸೆನ್ಸ್ ನೆಟ್'. ಜಾಕ್ ಪಂಶಾರ್, ಶೇಷಗಿರಿ ರಾವ್, ಟಿ.ವಿ. ಪ್ರಭಾಕರ್, ಎಚ್.ಎಸ್. ಜಮದಗ್ನಿ ಮುಂತಾದವರು ತಂಡದಲ್ಲಿದ್ದರು. ಮೊದಲು ರೈತರನ್ನು ಕೂರಿಸಿಕೊಂಡು ಅವರಿಗೆ ಯಾವ ಮಾಹಿತಿ ಬೇಕು ಎಂದು ಕೇಳಿ, ಆಮೇಲೆ ಯಂತ್ರದ ಕಡೆ ತಿರುಗಿದ ತಂಡ ಅದು. ಈ ಕ್ರಮವನ್ನು ಎಷ್ಟೋ ಯೋಜನೆಗಳು ಇವತ್ತಿಗೂ ಕಲಿತಿಲ್ಲ.

ಆ ಕಾಲದಲ್ಲಿ ಇಂಥ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿದ್ದದ್ದು ಮೈಕಾ-2 ಎಂಬ ಪೆಟ್ಟಿಗೆ. ಎರಡು ಪೆನ್ಸಿಲ್ ಸೆಲ್ಲಿನ ಮೇಲೆ ಓಡುವಂಥದು. ಅದರ ರೇಡಿಯೋ ಮಾತಾಡುವಾಗ ಮೂವತ್ತರಿಂದ ಎಂಬತ್ತು ಮಿಲಿವಾಟ್ ಎಳೆಯುತ್ತಿತ್ತು. ಒಂದು ಮಿಲಿವಾಟ್ ಎಂದರೆ ಸಾವಿರ ಮೈಕ್ರೋವಾಟ್ ಎಂಬುದು ನೆನಪಿರಲಿ. ಹೊಲದಲ್ಲಿ ಹತ್ತಾರು ಪೆಟ್ಟಿಗೆ ಹುಗಿದು, ಒಂದೊಂದರ ಸೆಲ್ಲು ಒಂದೊಂದು ದಿನ ಸತ್ತು, ಅದನ್ನು ಹುಡುಕಿ ಬದಲಿಸುತ್ತ ಕೂತರೆ ರೈತನಿಗೆ ಶೇಂಗಾ ಬಿತ್ತಲು ಪುರುಸೊತ್ತೆಲ್ಲಿ? ಸತ್ತ ಸೆಲ್ಲಿನೊಳಗಿನ ರಸ ಮಣ್ಣಿಗಿಳಿಯುವುದು ಬೇರೆ. ಪಾವಗಡದ ತಂಡದಲ್ಲಿದ್ದ ಪ್ರಭಾಕರ್ ಅವರ ಪ್ರಯೋಗಾಲಯ ಮುಂದೆ 'ಜೀರೋ ಎನರ್ಜಿ ನೆಟ್‌ವರ್ಕ್ಸ್' ಎಂದು ಹೆಸರಿಟ್ಟುಕೊಂಡಿತು. ಅದೇ ಸಂಸ್ಥೆಯ ವಿನೋದ್ ಶರ್ಮಾ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಬಂಧ ಈ ಬಡತನದ ಲೆಕ್ಕಪತ್ರವನ್ನೇ ಗಣಿತವಾಗಿಸಿತು: ಸುತ್ತಲಿಂದ ಶಕ್ತಿ ಹೆಕ್ಕಿ ಬದುಕುವ ಯಂತ್ರ ತನ್ನ ಸರಾಸರಿ ಖರ್ಚನ್ನು ಸರಾಸರಿ ಆದಾಯಕ್ಕಿಂತ ಒಂದಿಷ್ಟು ಕೆಳಗಿಟ್ಟರೆ, ಅದು ಗರಿಷ್ಠ ಎಷ್ಟು ಮಾಹಿತಿ ದಾಟಿಸಬಲ್ಲದೋ ಅಷ್ಟಕ್ಕೆ ಹತ್ತಿರ ಹೋಗಬಹುದು.

ಆದಾಯ, ಖರ್ಚು. ಸಂಶೋಧಕರು ಒಡೆದುಕೊಂಡದ್ದು ಇಲ್ಲೇ. ಬಹುಪಾಲು ಜನ ಆದಾಯದ ಕಡೆ ಹೋದರು. ಅವರ ಕತೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಒಂದು ಯಂತ್ರವನ್ನು ಬಿಟ್ಟು. ಅದರ ಮೇಲೆ ನನಗೆ ಪ್ರೀತಿ.

1956ರಲ್ಲಿ ಅಮೆರಿಕದ ಝೆನಿತ್ ಕಂಪನಿಯ ರಾಬರ್ಟ್ ಆಡ್ಲರ್ ಟಿವಿಗೆ ರಿಮೋಟ್ ಮಾಡಬೇಕಿತ್ತು. ಮಾರಾಟದವರು ಒಂದೇ ಹಟ ಹಿಡಿದರು: ಅದರಲ್ಲಿ ಸೆಲ್ಲು ಇರಕೂಡದು. ಸೆಲ್ಲು ಮುಗಿದರೆ ಗಿರಾಕಿ ಟಿವಿಯೇ ಕೆಟ್ಟಿತೆಂದು ಅಂಗಡಿಗೆ ಬಂದು ನಿಲ್ಲುತ್ತಾನೆ ಎಂಬ ಅಂಜಿಕೆ. ಆಡ್ಲರ್ ಪೆಟ್ಟಿಗೆಯೊಳಗೆ ಬೆರಳುದ್ದದ ನಾಲ್ಕು ಅಲ್ಯೂಮಿನಿಯಂ ಸಲಾಕೆಗಳನ್ನಿಟ್ಟರು, ಒಂದೊಂದರ ಉದ್ದವೂ ಚೂರು ಬೇರೆ. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಸಲಾಕೆಯ ತುದಿಗೆ ಬಡಿಯುತ್ತಿತ್ತು. ಮನುಷ್ಯರ ಕಿವಿಗೆ ಕೇಳದಷ್ಟು ಏರು ಶ್ರುತಿಯಲ್ಲಿ ಸಲಾಕೆ ಮಿಡಿಯುತ್ತಿತ್ತು. ಯಾವ ಶ್ರುತಿ ಬಂತೆಂದು ನೋಡಿ ಟಿವಿ ಚಾನೆಲ್ ಬದಲಿಸುತ್ತಿತ್ತು, ದನಿ ಅಡಗಿಸುತ್ತಿತ್ತು. ಹೆಬ್ಬೆರಳಿನ ಒಂದು ಒತ್ತಿನ ಶಕ್ತಿಯೇ ಕೋಣೆ ದಾಟಿ ಹೋಗುತ್ತಿತ್ತು. ಮುಂದಿನ ಇಪ್ಪತ್ತು ಚಿಲ್ಲರೆ ವರ್ಷ ಅಮೆರಿಕದ ಮನೆಗಳಲ್ಲಿ ಕಿವಿಗೆ ಕೇಳದ ಸದ್ದಿನ ಈ ಯುಕ್ತಿ ನಡೆಯಿತು. ಆಮೇಲೆ ಸೆಲ್ಲು ಅಗ್ಗವಾಯಿತು, ಇನ್‌ಫ್ರಾರೆಡ್ ಬಂತು, ನಾವೆಲ್ಲ ರಿಮೋಟಿನ ಬೆನ್ನಿಗೆ ತಟ್ಟುವುದನ್ನು ಕಲಿತೆವು.

ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳುಗಳನ್ನು ಪಿಯರ್ ಮತ್ತು ಜಾಕ್ ಕ್ಯೂರಿ ಸಹೋದರರು 1880ರಲ್ಲೇ ತೋರಿಸಿದ್ದರು. ನಮ್ಮ ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಟಕ್ ಎನ್ನುವುದೂ ಅಂಥದೇ ಹರಳು. ಒಂದು ಒತ್ತಿಗೆ ಸಾವಿರಾರು ವೋಲ್ಟ್ ಎದ್ದು ಕಿಡಿ ಹಾರುತ್ತದೆ. 2001ರಲ್ಲಿ ಜರ್ಮನಿಯ ಸೀಮೆನ್ಸ್‌ನಿಂದ ಬೇರೆಯಾಗಿ ನಿಂತ ಎನ್‌ಓಷನ್ ಕಂಪನಿ, ಒತ್ತಿದ ಶಕ್ತಿಯಿಂದಲೇ ರೇಡಿಯೋ ಸಂದೇಶ ಕಳಿಸುವ ಗೋಡೆ ಸ್ವಿಚ್ಚು ಮಾರಿತು. ಅದು ಚೆನ್ನಾಗಿ ನಡೆಯುತ್ತದೆ, ಯಾಕೆಂದರೆ ಸ್ವಿಚ್ಚಿಗೆ ಹೇಳಲು ಇರುವುದು ಒಂದೇ ಮಾತು, ಅದೂ ಒತ್ತಿದಾಗ ಮಾತ್ರ. ನಡಿಗೆಯಿಂದ ಕರೆಂಟು ತೆಗೆಯುವ ಕನಸು ಅಷ್ಟು ಒಳ್ಳೆಯ ಫಸಲು ಕೊಡಲಿಲ್ಲ. 1996ರಲ್ಲಿ ಥ್ಯಾಡ್ ಸ್ಟಾರ್ನರ್ ಎಂಬಾತ, 68 ಕೆ.ಜಿ. ತೂಕದ ಮನುಷ್ಯನ ಹಿಮ್ಮಡಿ ನೆಲಕ್ಕೆ ಬೀಳುವುದರಲ್ಲೇ 67 ವಾಟ್ ಇದೆ ಎಂದು ಲೆಕ್ಕ ತೋರಿಸಿದ. ಎರಡು ವರ್ಷದ ನಂತರ ಅಮೆರಿಕದ ಎಂಐಟಿಯಲ್ಲಿ ಜೋ ಪ್ಯಾರಡಿಸೋ ಮತ್ತು ಜೊತೆಗಾರರು ಬೂಟಿನೊಳಗೆ ಒತ್ತಿದರೆ ವಿದ್ಯುತ್ ಕೊಡುವ ಹಾಳೆ ಮತ್ತು ಹರಳು ಇಟ್ಟು ನಡೆದು ನೋಡಿದರು. ಒಂದರಿಂದ 1.1, ಇನ್ನೊಂದರಿಂದ 1.8 ಮಿಲಿವಾಟ್ ಸಿಕ್ಕಿತು. ಹಿಮ್ಮಡಿಯ ಕೆಳಗೆ ತಿರುಗುವ ಪುಟ್ಟ ಡೈನಮೊ ಕಟ್ಟಿದಾಗ ಕಾಲು ವಾಟ್‌ಗೆ ಹತ್ತಿರ ಬಂತು, ಆದರೆ ಆ ಬೂಟು ಹಾಕಿಕೊಂಡು ನಡೆಯುವವರು ಯಾರು? ಹರಳಿನ ಬೂಟು ಒಂದು ಕೆಲಸ ಮಾತ್ರ ಮಾಡಿತು: ನಾಲ್ಕಾರು ಹೆಜ್ಜೆಗೊಮ್ಮೆ ತನ್ನ ಗುರುತಿನ ಸಂಖ್ಯೆಯನ್ನು ಗಾಳಿಗೆ ಕೂಗಿತು. ಅಷ್ಟು ನಡೆದದ್ದಕ್ಕೆ ಅಷ್ಟು ಮಾತು.

ರಬಕವಿ-ಬನಹಟ್ಟಿಯ ಪವರ್‌ಲೂಮಿನ ಸದ್ದು ಕೇಳಿದವರಿಗೆ ಇನ್ನೊಂದು ಯೋಚನೆ ಬರುವುದು ಸಹಜ: ಇಷ್ಟು ಅದುರುವ ಮಗ್ಗದಿಂದ ಶಕ್ತಿ ತೆಗೆಯಬಾರದೇ? ತೆಗೆಯಬಹುದು. 2003ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಶಾಡ್ ರೌಂಡಿ ಮತ್ತಿತರರು ಸಾಮಾನ್ಯ ಯಂತ್ರದ ಅದುರಿನಿಂದ ಒಂದು ಘನ ಸೆಂಟಿಮೀಟರಿಗೆ ಇನ್ನೂರು ಮೈಕ್ರೋವಾಟ್ ಆಸುಪಾಸು ಸಿಗಬಹುದೆಂದು ತೋರಿಸಿದರು. ಆದರೆ ಮಗ್ಗದ ಬುಡಕ್ಕೇ ಕರೆಂಟಿನ ವೈರು ಬಂದಿರುವಾಗ ಅದುರನ್ನು ಹೆಕ್ಕುವುದು ಹುಡುಗಾಟಿಕೆಯ ಮಾತು. ಒಂದು ಗೇಣು ವೈರೂ ಎಳೆಯಲಾಗದ ಜಾಗದಲ್ಲಿ, ಓಡುವ ಲಾಳಿಯಂಥ ಭಾಗದಲ್ಲಿ, ಆ ಪ್ರಶ್ನೆಗೆ ಅರ್ಥವಿದೆ.

ಖರ್ಚಿನ ಕಡೆ ಹೋದವರು ಕಡಿಮೆ. ಅವರಲ್ಲಿ ಮೊದಲಿಗ ಆ ದಾರಿಗೆ ಇಳಿದದ್ದು ತನ್ನ ಇಚ್ಛೆಯಿಂದಲೂ ಅಲ್ಲ.

ಲೆವ್ ಥೆರೆಮಿನ್ ಎಂಬ ರಷ್ಯನ್, ಮುಟ್ಟದೆ ನುಡಿಸುವ ಸಂಗೀತವಾದ್ಯ ಮಾಡಿ ಹೆಸರಾಗಿದ್ದವನು. ಅಮೆರಿಕದಲ್ಲಿ ಕಚೇರಿ ನಡೆಸಿ, ಊರಿಗೆ ಮರಳಿ, ಸ್ಟಾಲಿನ್ ಕಾಲದ ಸೆರೆಗೆ ಬಿದ್ದ. ಕೈದಿ ವಿಜ್ಞಾನಿಗಳನ್ನು ದುಡಿಸುತ್ತಿದ್ದ ಗುಪ್ತ ಪ್ರಯೋಗಾಲಯದಲ್ಲಿ ಅವನಿಗೊಂದು ಕೆಲಸ ಬಂತು: ಅಮೆರಿಕದ ರಾಯಭಾರಿಯ ಕೋಣೆಯಲ್ಲಿ ಆಡಿದ ಮಾತು ಕೇಳಬೇಕು, ಆದರೆ ಕದ್ದು ಕೇಳುವ ಸಾಧನಕ್ಕೆ ವೈರು ಇರಕೂಡದು, ಸೆಲ್ಲು ಇರಕೂಡದು. ವೈರು ಇದ್ದರೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಸೆಲ್ಲು ಮುಗಿದರೆ ಬದಲಿಸಲು ಒಳಗೆ ಹೋಗುವವರಿಲ್ಲ.

1945ರ ಆಗಸ್ಟ್ 4ರಂದು ಸೋವಿಯತ್ ಶಾಲಾ ಮಕ್ಕಳು ಮಾಸ್ಕೋದ ಅಮೆರಿಕನ್ ರಾಯಭಾರಿ ಆವೆರೆಲ್ ಹ್ಯಾರಿಮನ್‌ಗೆ ಮರದಲ್ಲಿ ಕೆತ್ತಿದ ಅಮೆರಿಕದ ಹದ್ದಿನ ಲಾಂಛನವನ್ನು ಉಡುಗೊರೆ ಕೊಟ್ಟರು. ಅದು ರಾಯಭಾರಿಯ ನಿವಾಸದ ಗೋಡೆಯ ಮೇಲೆ ಏಳು ವರ್ಷ ತೂಗಿತು. ಹದ್ದಿನ ಕೊಕ್ಕಿನ ಅಡಿ ಕಣ್ಣಿಗೆ ಬೀಳದಷ್ಟು ಸಣ್ಣ ತೂತುಗಳಿದ್ದವು. ಅವುಗಳ ಹಿಂದೆ ತೆಳ್ಳನೆಯ ಪೊರೆ ಬಿಗಿದ ಲೋಹದ ಪುಟ್ಟ ಡಬ್ಬಿ. ಡಬ್ಬಿಗೆ ಸುಮಾರು ಒಂದು ಗೇಣಿನ ಆಂಟೆನಾ. ಒಳಗೆ ಹರಿಯುವ ಕರೆಂಟೇ ಇಲ್ಲ. ಹೊರಗಿನಿಂದ ಸೋವಿಯತ್ ಬೇಹುಗಾರರು ಆ ಕೋಣೆಯ ಕಡೆ ರೇಡಿಯೋ ಅಲೆ ಬಿಟ್ಟಾಗ ಮಾತ್ರ ಅದಕ್ಕೆ ಜೀವ. ಕೋಣೆಯಲ್ಲಿ ಯಾರಾದರೂ ಮಾತಾಡಿದರೆ ಪೊರೆ ನಡುಗುತ್ತಿತ್ತು. ಪೊರೆ ನಡುಗಿದರೆ ಆಂಟೆನಾ ಅಲೆಯನ್ನು ಮರಳಿಸುವ ಪ್ರಮಾಣ ಏರಿಳಿಯುತ್ತಿತ್ತು. ಮರಳಿ ಬಂದ ಅಲೆಯ ಏರಿಳಿತದಲ್ಲಿ ಮಾತು ಇರುತ್ತಿತ್ತು.

ಬಿಸಿಲಲ್ಲಿ ನಿಂತ ಹುಡುಗ ಒಡೆದ ಕನ್ನಡಿಯ ಚೂರು ಹಿಡಿದು ಎದುರು ಮಾಳಿಗೆಯ ಗೆಳೆಯನಿಗೆ ಬೆಳಕು ಬಿಡುತ್ತಾನಲ್ಲ, ಅದೇ ಕೆಲಸ ಇದು. ಬೆಳಕು ಸೂರ್ಯನದು, ಹುಡುಗನ ಖರ್ಚು ಮಣಿಕಟ್ಟು ಹೊರಳಿಸುವಷ್ಟೇ. ಅಲೆಯನ್ನು ಹುಟ್ಟಿಸುವ ಭಾರವನ್ನು ಬೇರೆಯವರ ಮೇಲೆ ಹಾಕಿ, ಬಂದ ಅಲೆಯನ್ನು ಮರಳಿಸುವುದೋ ಬಿಡುವುದೋ ಎಂಬುದನ್ನಷ್ಟೇ ತಾನು ತೀರ್ಮಾನಿಸುವುದು. ದುಬಾರಿಯಾಗಿದ್ದ ಮಾತು ಇಲ್ಲಿ ಅಗ್ಗವಾಯಿತು.

1952ರಲ್ಲಿ ಸಾಧನ ಸಿಕ್ಕಿಬಿತ್ತು. ಆಗಿನ ರಾಯಭಾರಿ ಜಾರ್ಜ್ ಕೆನನ್ ಬೇಕೆಂದೇ ಗಟ್ಟಿಯಾಗಿ ಪತ್ರ ಹೇಳಿ ಬರೆಸುತ್ತ ಕೂತರು, ತಪಾಸಣೆಯವರು ರೇಡಿಯೋ ಹಿಡಿದು ಮನೆಯೆಲ್ಲ ಹುಡುಕಿ ಹದ್ದಿನ ಹತ್ತಿರ ಬಂದರು. ಕಂಡದ್ದೇನೋ ಸರಿ, ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಬ್ರಿಟಿಷ್ ಬೇಹುಗಾರಿಕೆಯ ಪೀಟರ್ ರೈಟ್ ವಾರಗಟ್ಟಲೆ ತಲೆ ಕೆಡಿಸಿಕೊಳ್ಳಬೇಕಾಯಿತು. 1960ರಲ್ಲಿ ವಿಶ್ವಸಂಸ್ಥೆಯಲ್ಲಿ ಹೆನ್ರಿ ಕ್ಯಾಬಟ್ ಲಾಜ್ ಆ ಹದ್ದನ್ನು ಬಿಚ್ಚಿ ಎಲ್ಲರಿಗೂ ತೋರಿಸಿದರು. ನನಗೆ ಸೋಜಿಗವಾಗುವುದು ಇನ್ನೊಂದು ವಿಷಯ. ಹದ್ದು ಇನ್ನೂ ಗೋಡೆಯ ಮೇಲಿದ್ದಾಗಲೇ, 1948ರ ಅಕ್ಟೋಬರಿನಲ್ಲಿ, ಹ್ಯಾರಿ ಸ್ಟಾಕ್‌ಮನ್ ಎಂಬ ಎಂಜಿನಿಯರು ಅಮೆರಿಕದ ರೇಡಿಯೋ ಎಂಜಿನಿಯರುಗಳ ಪತ್ರಿಕೆಯಲ್ಲಿ ಪ್ರತಿಫಲಿತ ಶಕ್ತಿಯಿಂದ ಸಂವಹನ ನಡೆಸುವ ಬಗ್ಗೆ ಪೂರ್ತಿ ಪ್ರಬಂಧ ಪ್ರಕಟಿಸಿದ್ದರು. ಬೇಹುಗಾರರು ಗುಟ್ಟಾಗಿ ಬಳಸುತ್ತಿದ್ದ ತತ್ವ ಪತ್ರಿಕೆಯಲ್ಲಿ ಬಹಿರಂಗವಾಗಿ ಬಿದ್ದಿತ್ತು.

ಸ್ಟಾಕ್‌ಮನ್ ಹೇಳಿದ್ದನ್ನು ಅಗ್ಗದಲ್ಲಿ ಮಾಡಲು ಟ್ರಾನ್ಸಿಸ್ಟರ್ ಬರಬೇಕಿತ್ತು, ಸಿಲಿಕಾನ್ ಚಿಪ್ಪು ಬರಬೇಕಿತ್ತು. 1975ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಆಲ್ಫ್ರೆಡ್ ಕೋಲೆ, ಸ್ಟೀವನ್ ಡೆಪ್, ರಾಬರ್ಟ್ ಫ್ರೈಮನ್ ಅದನ್ನು ಮಾಡಿ ತೋರಿಸಿದರು. ಅಣುಬಾಂಬು ಮಾಡಿದ ಆ ಪ್ರಯೋಗಾಲಯ ಇದನ್ನು ಮಾಡಿದ್ದು ದನಗಳಿಗಾಗಿ! ಹಿಂಡಿನಲ್ಲಿ ಯಾವ ಹಸು ಯಾವುದು, ಅದಕ್ಕೆ ಜ್ವರ ಇದೆಯೋ ಇಲ್ಲವೋ ಎಂದು ದೂರದಿಂದಲೇ ತಿಳಿಯಲು. ದನದ ಲೆಕ್ಕದಿಂದ ಯುಕ್ತಿ ಟೋಲ್ ಗೇಟಿಗೆ ಬಂತು. 2021ರ ಫೆಬ್ರವರಿ ನಡುವಿನಿಂದ ನಮ್ಮ ಹೆದ್ದಾರಿಗಳಲ್ಲಿ ಕಡ್ಡಾಯವಾದ ಫಾಸ್ಟ್ಯಾಗ್ ಅದರ ಮರಿಮೊಮ್ಮಗು. ಬೆಳಗಾವಿಗೆ ಹೊರಟ ಜಮಖಂಡಿಯ ಕಾರಿನ ಗಾಜಿಗೆ ಅಂಟಿಸಿದ ಆ ಕಾಗದದಲ್ಲಿ ಸೆಲ್ಲಿಲ್ಲ. ಗೇಟಿನ ಮೇಲಿನ ಯಂತ್ರ ಬಿಟ್ಟ ಅಲೆಯನ್ನು ಕುಡಿದು, ಒಂದು ಕ್ಷಣ ಎಚ್ಚರಾಗಿ, ಅದೇ ಅಲೆಯನ್ನು ಮರಳಿಸುವುದು-ಬಿಡುವುದು ಮಾಡುತ್ತ ತನ್ನ ಸಂಖ್ಯೆ ಹೇಳಿ ಮತ್ತೆ ಮಲಗುತ್ತದೆ.

ಆದರೆ ಇಲ್ಲಿ ಒಂದು ಕೊರತೆ. ಟ್ಯಾಗಿಗಾಗಿಯೇ ಎದುರಿಗೆ ಒಂದು ಯಂತ್ರ ಜೋರಾಗಿ ಕೂಗುತ್ತಿರಬೇಕು. ಅದು ದುಬಾರಿ, ಅದಕ್ಕೆ ಕರೆಂಟು ಬೇಕು. ಎರಡು ಟ್ಯಾಗುಗಳು ತಮ್ಮತಮ್ಮಲ್ಲಿ ಮಾತಾಡಲಾರವು. ಈ ಕೊರತೆಯನ್ನು ಮುರಿದದ್ದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ.

ಅಲ್ಲಿನ ಜೋಶುವಾ ಸ್ಮಿತ್ ಹಿಂದೆ ಇಂಟೆಲ್ ಪ್ರಯೋಗಾಲಯದಲ್ಲಿದ್ದಾಗ, 2009ರಲ್ಲಿ, ಅಲನ್ಸನ್ ಸ್ಯಾಂಪಲ್ ಜೊತೆ ಒಂದು ಪ್ರಯೋಗ ಮಾಡಿದ್ದರು. 4.1 ಕಿಲೋಮೀಟರ್ ದೂರದ ಟಿವಿ ಗೋಪುರದ ಕಡೆ ಆಂಟೆನಾ ತಿರುಗಿಸಿ 60 ಮೈಕ್ರೋವಾಟ್ ಹಿಡಿದು, ಅದರಿಂದ ಉಷ್ಣ-ತೇವ ತೋರಿಸುವ ಪುಟ್ಟ ಯಂತ್ರ ಓಡಿಸಿದ್ದರು. ಅದು ಆದಾಯದ ದಾರಿ. ಖರ್ಚಿನ ದಾರಿಯನ್ನು ಅದಕ್ಕೆ ಜೋಡಿಸಿದ್ದು ಐಐಟಿ ಮದ್ರಾಸಿನಲ್ಲಿ ಓದಿ ಹೋಗಿದ್ದ ಶ್ಯಾಮ್ ಗೊಲ್ಲಕೋಟ ಮತ್ತು ಅವರೊಂದಿಗಿದ್ದ ವಿನ್ಸೆಂಟ್ ಲಿಯು, ಆರನ್ ಪಾರ್ಕ್ಸ್, ವಂಶಿ ತಾಳ್ಲ, ಡೇವಿಡ್ ವೆದರಾಲ್. ಗೋಪುರ ಊರಿಗೆಲ್ಲ ಟಿವಿ ಬಿತ್ತರಿಸುತ್ತ ಹೇಗೂ ಕೂಗುತ್ತಿದೆಯಲ್ಲ, ಬೇರೆ ಯಂತ್ರ ಯಾಕೆ, ಆ ಅಲೆಗೇ ಕನ್ನಡಿ ಹಿಡಿದರಾಯಿತು.

ಹೇಳಿದಷ್ಟು ಸುಲಭವಲ್ಲ. ಟೋಲ್ ಗೇಟಿನ ಅಲೆ ಶುದ್ಧ, ಒಂದೇ ಸಮ. ಅದರಲ್ಲಿ ಪ್ರತಿಫಲನದ ಚೂರು ಬದಲಾವಣೆಯೂ ಎದ್ದು ಕಾಣುತ್ತದೆ. ಟಿವಿ ಅಲೆಯೊಳಗೆ ಮಾತ್ರ ಚಿತ್ರ, ಧ್ವನಿ ಎಲ್ಲ ತುರುಕಿರುವುದರಿಂದ ಅದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ತಾನೇ ಏರಿಳಿಯುತ್ತದೆ. ಆ ಗದ್ದಲದಲ್ಲಿ ಕನ್ನಡಿಯ ಮಿಣುಕನ್ನು ಬೇರ್ಪಡಿಸಲು ವೇಗದ ಗಣಕ ಬೇಕು. ಗಣಕ ಓಡಿಸಲು ಶಕ್ತಿ ಎಲ್ಲಿದೆ? ತಂಡ ಕಂಡುಕೊಂಡ ಉತ್ತರದಲ್ಲಿ ಗಣಕವೇ ಇರಲಿಲ್ಲ. ಕನ್ನಡಿಯನ್ನು ನಿಧಾನ ಹೊರಳಿಸಿದರು, ಸೆಕೆಂಡಿಗೆ ಸಾವಿರ ಸಲ ಮಾತ್ರ. ಕೇಳುವ ಕಡೆ ಒಂದು ಕೆಪಾಸಿಟರ್ ಬಂದ ಅಲೆಯನ್ನು ತುಸು ಹೊತ್ತು ಕೂಡಿಟ್ಟು ಸರಾಸರಿ ತೆಗೆಯುವಂತೆ ಮಾಡಿದರು. ಲಕ್ಷಗಟ್ಟಲೆ ಏರಿಳಿತಗಳು ಸರಾಸರಿಯಲ್ಲಿ ಒಂದನ್ನೊಂದು ಅಳಿಸಿಕೊಂಡವು. ನಿಧಾನದ ಹೊರಳು ಉಳಿಯಿತು. ಇನ್ನೂ ಹೆಚ್ಚು ಹೊತ್ತಿನ ಸರಾಸರಿಯನ್ನು ಮತ್ತೊಂದು ಕೆಪಾಸಿಟರ್ ಇಟ್ಟುಕೊಂಡಿತು. ಎರಡರಲ್ಲಿ ಯಾವುದು ದೊಡ್ಡದೆಂದು ಹೇಳುವ ಒಂದು ಸಣ್ಣ ಸರ್ಕ್ಯೂಟು ಸಾಕಾಯಿತು: ದೊಡ್ಡದಾದರೆ ಒಂದು, ಚಿಕ್ಕದಾದರೆ ಸೊನ್ನೆ. ಮಾತಾಡುವ ಮತ್ತು ಕೇಳುವ ಈ ಭಾಗಗಳ ಖರ್ಚು ಒಟ್ಟಿಗೆ ಒಂದು ಮೈಕ್ರೋವಾಟ್‌ಗೂ ಕಡಿಮೆ. ಪಾವಗಡದ ಕಾಲದ ಪೆಟ್ಟಿಗೆಯ ಮಿಲಿವಾಟುಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

2013ರ ಆಗಸ್ಟಿನಲ್ಲಿ ಹಾಂಗ್‌ಕಾಂಗ್‌ನ ಸಮ್ಮೇಳನದಲ್ಲಿ ಇದನ್ನು ಮಂಡಿಸಿದರು. ಆ ವರ್ಷದ ಅತ್ಯುತ್ತಮ ಪ್ರಬಂಧವೆಂಬ ಪುರಸ್ಕಾರವೂ ಬಂತು. ಗೋಪುರದಿಂದ ಹತ್ತು ಕಿಲೋಮೀಟರ್ ದೂರದವರೆಗೂ ಪ್ರಯೋಗ ನಡೆಯಿತು. ಸೆಲ್ಲಿಲ್ಲದ ಎರಡು ಸಾಧನಗಳು ಬಯಲಿನಲ್ಲಿ ಎರಡೂವರೆ ಅಡಿ ದೂರದಿಂದ ಒಂದಕ್ಕೊಂದು ಮಾಹಿತಿ ದಾಟಿಸಿದವು. ಎರಡೂವರೆ ಅಡಿ ಎಂದರೆ ನಗಬಹುದು. ಆದರೆ ಇಬ್ಬರಲ್ಲಿ ಯಾರ ಹತ್ತಿರವೂ ಶಕ್ತಿಯ ಮೂಲವಿಲ್ಲದೆ ನಡೆದ ಸಂಭಾಷಣೆ ಅದು.

ಅಲ್ಲಿಂದ ಮುಂದೆ ದೂರ ಬೆಳೆಯಿತು. 2017ರಲ್ಲಿ ವಂಶಿ ತಾಳ್ಲ ಮತ್ತು ತಂಡ ಸೆಲ್ಲಿಲ್ಲದ ಫೋನು ಮಾಡಿತು. ಪರದೆಯಿಲ್ಲ, ಬರೀ ಗುಂಡಿಗಳು. ಮಾತಾಡಲು ಒಂದು ಗುಂಡಿ ಒತ್ತಿ ಹಿಡಿಯಬೇಕು. ಅದರ ಖರ್ಚು 3.48 ಮೈಕ್ರೋವಾಟ್. ರೇಡಿಯೋ ಅಲೆಯ ಶಕ್ತಿಯಲ್ಲೇ 31 ಅಡಿ, ಅಕ್ಕಿ ಕಾಳಿನಷ್ಟು ಬೆಳಕುಕೋಶ ಜೋಡಿಸಿದರೆ 50 ಅಡಿ ದೂರದವರೆಗೆ ಕರೆ ಹೋಯಿತು. ಅದರ ಗುಟ್ಟು ಏನೆಂದರೆ ಧ್ವನಿಯನ್ನು ಅಂಕಿಗಳಾಗಿ ಬದಲಿಸಲೇ ಇಲ್ಲ, ಯಾಕೆಂದರೆ ಹಸಿವೆಲ್ಲ ಆ ಬದಲಾವಣೆಯದೇ. ಮೈಕಿನ ನಡುಕ ನೇರವಾಗಿ ಆಂಟೆನಾದ ಪ್ರತಿಫಲನವನ್ನು ಅಲುಗಿಸಿತು. ಮಾಸ್ಕೋದ ಗೋಡೆಯ ಹದ್ದು ಮಾಡಿದ್ದೂ ಅದನ್ನೇ ಅಲ್ಲವೆ. ಥೆರೆಮಿನ್ ಕೈದಿಯಾಗಿ ಮಾಡಿದ್ದನ್ನು ಎಪ್ಪತ್ತೆರಡು ವರ್ಷದ ಮೇಲೆ ಇವರು ಎರಡೂ ಕಡೆಯಿಂದ ಮಾತಾಡುವಂತೆ ಮಾಡಿದರು.

ಸೆಲ್ಲಿಲ್ಲದ ಫೋನು ಪತ್ರಿಕೆಗಳಿಗೆ ಒಳ್ಳೆಯ ಸುದ್ದಿ. ಹಿಪ್ಪರಗಿಯ ರೈತನಿಗೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಅವನ ಫೋನು ದಿನಕ್ಕೊಮ್ಮೆ ಚಾರ್ಜಾದರೆ ಸಾಕು. ಅವನ ಕಷ್ಟ ನೆಲದ ಕೆಳಗಿದೆ. ಕೃಷ್ಣೆಯ ಹಿನ್ನೀರಿಗೆ ಪಂಪ್‌ಸೆಟ್ ಇಟ್ಟು, ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಎದ್ದು ಕಬ್ಬಿಗೆ ನೀರು ಹಾಯಿಸುತ್ತಾನೆ. ಎರೆ ಭೂಮಿ ಬೇಕಾದ್ದಕ್ಕಿಂತ ಹೆಚ್ಚು ಕುಡಿಯುತ್ತದೆ, ಬಸಿಯುವುದು ನಿಧಾನ, ಉಪ್ಪು ಮೇಲೇಳುತ್ತದೆ. ಜಮಖಂಡಿ, ಮುಧೋಳ ಸೀಮೆಯಲ್ಲಿ ಸವಳು ಬಿದ್ದ ಹೊಲಗಳು ಹಾಗೆ ಆದವು. ಬೇರಿನ ಆಳದಲ್ಲಿ ತೇವ ಇನ್ನೂ ಇದೆ, ಇವತ್ತು ನೀರು ಬೇಡ ಎಂದು ಯಾರಾದರೂ ಹೇಳಿದರೆ ಅದು ಲಾಭ. ಚೆನ್ನಕೇಶವಪುರದಲ್ಲಿ ನೀರು ಸಾಲದ ಹೊಲಕ್ಕೆ ಕೇಳಿದ ಪ್ರಶ್ನೆಯನ್ನು ಇಲ್ಲಿ ನೀರು ಹೆಚ್ಚಾದ ಹೊಲಕ್ಕೆ ಕೇಳಬೇಕಾಗಿದೆ.

ಅದಕ್ಕೆ ಬೇಕಾದ ಎರಡು ತುಂಡುಗಳು ಈಗ ಬೇರೆ ಬೇರೆ ಕಡೆ ಇವೆ. ಒಂದು, ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಬಿಲ್ ಯೆನ್, ಜಾರ್ಜ್ ವೆಲ್ಸ್, ಜೊಸಾಯಾ ಹೆಸ್ಟರ್ ಮುಂತಾದವರು 2024ರ ಜನವರಿಯಲ್ಲಿ ಪ್ರಕಟಿಸಿದ ಮಣ್ಣಿನ ಕೋಶ. ಮಣ್ಣಿನಲ್ಲಿ ಸಾವಯವ ಪದಾರ್ಥ ತಿನ್ನುವ ಸೂಕ್ಷ್ಮಾಣುಗಳು ಎಲೆಕ್ಟ್ರಾನು ಹೊರಗೆ ಬಿಡುತ್ತವೆ. ಇಂಗಾಲದ ಫೆಲ್ಟ್ ಬಟ್ಟೆಯ ತಟ್ಟೆ ಅದನ್ನು ಹಿಡಿಯುತ್ತದೆ. ಒಂದು ತಟ್ಟೆಯನ್ನು ಅಡ್ಡಲಾಗಿ ಆಳದಲ್ಲಿ ಹುಗಿದು, ಇನ್ನೊಂದನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿದ್ದೇ ಅವರ ಸುಧಾರಣೆ. ಕೆಳತುದಿಗೆ ತೇವ ಸಿಗುತ್ತದೆ, ಮೇಲ್ತುದಿಗೆ ಗಾಳಿ ಸಿಗುತ್ತದೆ. ತುಸು ಒಣಗಿದರೂ ನೀರು ನಿಂತರೂ ಕೋಶ ಸಾಯುವುದಿಲ್ಲ. ಮಣ್ಣಿನ ತೇವ ಅಳೆಯಲು ಬೇಕಾದ ಶಕ್ತಿಯ 68 ಪಟ್ಟು ಅದರಿಂದ ಬಂತು. ಅಳೆದದ್ದನ್ನು ಹೊರಗೆ ಹೇಳಲು ಅವರೂ ಕನ್ನಡಿಯ ದಾರಿಯನ್ನೇ ಹಿಡಿದರು, ಗಾಳಿಯಲ್ಲಿದ್ದ ಅಲೆಯನ್ನು ಮರಳಿಸಿ. ಕಬ್ಬಿನ ರವದಿಯನ್ನು ಸುಡದೆ ಮಣ್ಣಿಗೆ ಸೇರಿಸುವ ಹೊಲದಲ್ಲಿ ಆ ಸೂಕ್ಷ್ಮಾಣುಗಳಿಗೆ ಉಣ್ಣಲು ಕೊರತೆಯಾಗದು.

ಎರಡನೆಯ ತುಂಡು ದೂರದ್ದು. ಯಾರ ಅಲೆಗೆ ಕನ್ನಡಿ ಹಿಡಿಯುವುದು? ಸಿಯಾಟಲ್‌ನ ಟಿವಿ ಗೋಪುರದಂಥದ್ದು ಈ ಸೀಮೆಯಲ್ಲಿಲ್ಲ. ದೂರದರ್ಶನ ತನ್ನ ಹಳೆಯ ಭೂಪ್ರಸಾರದ ಗೋಪುರಗಳನ್ನು 2022ರ ಹೊತ್ತಿಗೆ ಬಹುಪಾಲು ಮುಚ್ಚಿತು. ಧಾರವಾಡದ ಮಧ್ಯಮ ತರಂಗದ ಒಂದು ಅಲೆಯ ಉದ್ದ 392 ಮೀಟರ್. ಅದಕ್ಕೆ ಅಂಗೈ ಅಗಲದ ಕನ್ನಡಿ ಹಿಡಿದರೆ ತಾಗುವುದೇ ಇಲ್ಲ. ಹಾಗಾಗಿ ಅಲೆ ಬಿಡುವವನೊಬ್ಬ ಬೇಕೇ ಬೇಕು. ಸಿಯಾಟಲ್ ತಂಡವೇ 2017ರಲ್ಲಿ ಲೋರಾ ಎಂಬ ದೂರಸಂದೇಶದ ಪದ್ಧತಿಯಲ್ಲಿ ಕನ್ನಡಿ ಕಟ್ಟಿತು. 9.25 ಮೈಕ್ರೋವಾಟ್ ಖರ್ಚಿನ ಟ್ಯಾಗು, ಅಲೆಯ ಮೂಲ ಪಕ್ಕದಲ್ಲೇ ಇದ್ದರೆ, 2.8 ಕಿಲೋಮೀಟರ್ ದೂರ ಮಾತು ಮುಟ್ಟಿಸಿತು. ಮೂಲ ಮತ್ತು ಕೇಳುವವನ ನಡುವೆ 475 ಮೀಟರ್ ಅಂತರವಿದ್ದಾಗ ನಡುವಿನ ಎಲ್ಲಿಂದಲಾದರೂ ಟ್ಯಾಗು ಮಾತಾಡಬಲ್ಲದಾಗಿತ್ತು. ಪ್ರಯೋಗಕ್ಕೆ ಅವರು ಆರಿಸಿಕೊಂಡ ಜಾಗಗಳಲ್ಲಿ ಒಂದು ಎಕರೆಯ ತರಕಾರಿ ತೋಟವೂ ಇತ್ತು.

ಅಲೆಯ ಮೂಲವನ್ನು ಇಡಲು ಹಿಪ್ಪರಗಿಯಲ್ಲಿ ಜಾಗ ಹುಡುಕಬೇಕಾಗಿಲ್ಲ: ಪಂಪ್‌ಸೆಟ್ಟಿನ ಶೆಡ್ಡಿಗೆ ಕರೆಂಟಿನ ವೈರು ಆಗಲೇ ಬಂದಿದೆ. ತ್ರೀ ಫೇಸ್ ಬಂದ ಹೊತ್ತಿಗೇ ಅಲೆ ಬಿಟ್ಟರೆ ಸಾಕು, ಪಂಪು ಹಚ್ಚಬೇಕೋ ಬೇಡವೋ ಎಂದು ತಿಳಿಯಬೇಕಾದದ್ದೂ ಆ ಹೊತ್ತಿಗೇ. ಉಳಿಯುವುದು ಕಬ್ಬಿನ ತೊಡಕು. ತರಕಾರಿ ತೋಟದ ಗಿಡ ಮೊಣಕಾಲೆತ್ತರದ್ದು. ಇಲ್ಲಿ ಹತ್ತು ತಿಂಗಳ ಕಬ್ಬು ಆಳೆತ್ತರ ದಾಟಿ ನಿಂತಿರುತ್ತದೆ, ಕಾಂಡದ ತುಂಬ ನೀರು. ನೀರು ತುಂಬಿದ ಹಸಿರು ಈ ಜಾತಿಯ ಅಲೆಯನ್ನು ನುಂಗುತ್ತದೆ. ನಾಟಿ ಮಾಡಿದಾಗ ಇಡೀ ಹೊಲ ದಾಟಿದ ಮಾತು ಕಟಾವಿನ ಮುಂಚೆ ಎಷ್ಟು ಸಾಲು ದಾಟುತ್ತದೆ ಎಂಬುದನ್ನು ಯಾರಾದರೂ ಹೊಲಕ್ಕಿಳಿದೇ ಅಳೆಯಬೇಕು. ಆಂಟೆನಾವನ್ನು ಕಬ್ಬಿನ ಗರಿಗಿಂತ ಮೇಲೆ ಒಂದು ಬಿದಿರಿನ ಗಳಕ್ಕೆ ಕಟ್ಟಿದರೆ ಲೆಕ್ಕ ಬದಲಾಗಬಹುದು. ಗಳ ಕಟ್ಟುವವರಿಗೆ ಆ ಊರಲ್ಲಿ ಕೊರತೆಯಿಲ್ಲ.